ನೊರೀನಜ್ಜಿಯ ಮೊದಲ ದೂರು

ಅರವತ್ತೆರಡು ವರ್ಷದ ಬದುಕಿನಲ್ಲಿ ನೊರೀನ್ ಸ್ಕೇಫ್ ಯಾರ ಮೇಲೂ ದೂರು ಹೇಳಿದವಳಲ್ಲ. ಹೋಟೆಲಿನಲ್ಲಿ ಮೀನು ಕೇಳಿದ್ದಕ್ಕೆ ಕೋಳಿ ತಂದಿಟ್ಟರೆ ಕೋಳಿಯನ್ನೇ ತಿಂದು, "ತುಂಬಾ ಚೆನ್ನಾಗಿತ್ತು" ಎಂದು ಹೇಳಿ ಮನೆಗೆ ಬರುತ್ತಿದ್ದಳು. ಪಕ್ಕದ ಮನೆಯ ಪೋಲೀನ್ ಟಾಡ್ ಹೇಳುತ್ತಿದ್ದುದು ಇದನ್ನೇ: "ಬಸ್ಸು ನಿನ್ ಕಾಲ್ ಮೇಲೆ ಹತ್ತಿದ್ರೂ ನೀನೇ ಡ್ರೈವರ್ ಹತ್ರ ಹೋಗಿ, ಸಾರಿ ಕಣಪ್ಪಾ, ನನ್ ಕಾಲು ಅಡ್ಡ ಬಂತು ಅಂತೀಯ. ಅಂಥಾ ಪ್ರಾಣಿ ನೀನು."

ಅಂಥ ನೊರೀನ್ ಊರಿನ ಆಡಳಿತ ನಡೆಸುವ ಕೌನ್ಸಿಲ್ ಮೇಲೆ ದೂರು ಕೊಟ್ಟಳು. ಅದೂ ಮಕ್ಕಳ ರಕ್ಷಣೆಯ ಇಲಾಖೆಯ ಮೇಲೆ! ಹಾರ್ಬಿಯಂಥ ಸಣ್ಣ ಊರಿನಲ್ಲಿ ಜನ ಆ ಇಲಾಖೆಯ ಹೆಸರನ್ನು ಹೇಳುವುದೇ ದನಿ ತಗ್ಗಿಸಿ.

ನೊರೀನ್ ಹುಟ್ಟಿದ್ದು ಕೇಬಲ್ ಬೀದಿಯ ಹದಿನಾಲ್ಕನೇ ನಂಬರಿನ ಮನೆಯಲ್ಲಿ, ಈಗಲೂ ಇರುವುದು ಅಲ್ಲೇ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು ಅದು. ಅಪ್ಪ ಉತ್ತರ ಸಮುದ್ರಕ್ಕೆ ಹೋಗುತ್ತಿದ್ದ ಮೀನುದೋಣಿಯ ಆಳು. ಹದಿನಾರಕ್ಕೇ ಅವಳು ಮೀನಿನ ಕಾರ್ಖಾನೆಗೆ ಸೇರಿ, ಇಪ್ಪತ್ತೆರಡು ವರ್ಷ ಮಂಜುಗಡ್ಡೆ ನೀರಿನಲ್ಲಿ ಕೈಯಿಟ್ಟು ಮೀನು ಸೀಳಿದಳು. ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆಗೆ ಬಂದಳು. ಅರ್ಧ ಊರಿನ ಮಕ್ಕಳು ಅವಳ ಕೈಯ ಗ್ರೇವಿ ತಿಂದೇ ಬೆಳೆದಿದ್ದಾರೆ. ಗಂಡ ಡೆರೆಕ್ ತೀರಿಕೊಂಡು ಒಂಬತ್ತು ವರ್ಷ. ಒಬ್ಬಳೇ ಮಗಳು ಡಾನ್. ಡಾನ್ ಬೆನ್ನುನೋವಿಗೆಂದು ನುಂಗಲು ಶುರುಮಾಡಿದ ಮಾತ್ರೆ ಕೊನೆಗೆ ಅವಳನ್ನೇ ನುಂಗುವುದಕ್ಕೆ ಬಂತು. ಒಂದು ನವೆಂಬರ್ ಸಂಜೆ ಅವಳು ದೂರದ ಆಸ್ಪತ್ರೆ ಸೇರಿದಳು, ಅವಳ ಏಳು ವರ್ಷದ ಮಗಳು ಲೇಸಿ ಒಂದು ಬ್ಯಾಗು, ಒಂದು ದಿಂಬು ಹಿಡಿದು ಅಜ್ಜಿಯ ಮನೆಗೆ ಬಂದಳು.

"ಸದ್ಯಕ್ಕೆ ಇರಲಿ. ನೀವು ಮಗು ಸಾಕೋಕೆ ತಕ್ಕವರಾ ಅಂತ ನಾವು ಮನೆಗೆ ಬಂದು ನೋಡ್ತೀವಿ. ಆಮೇಲೆ ತೀರ್ಮಾನ," ಎಂದರು ಕೌನ್ಸಿಲಿನವರು.

"ಆಗ್ಲಿ, ಆಗ್ಲಿ. ನಿಮಗೇ ತೊಂದ್ರೆ ಪಾಪ," ಎಂದಳು ನೊರೀನ್.

ಆ ಬೀದಿಯ ಒಂದು ವಿಷಯ ಗೊತ್ತಿಲ್ಲದವರಿಗೆ ಮುಂದಿನ ಕಥೆಯೇ ಅರ್ಥವಾಗುವುದಿಲ್ಲ. ಕೇಬಲ್ ಬೀದಿಯಲ್ಲಿ ಯಾರೂ ಮುಂಬಾಗಿಲಿನಿಂದ ಓಡಾಡುವುದಿಲ್ಲ. ಹಿಂದಿನ ಓಣಿಯಲ್ಲಿ ಬಂದು, ಅಂಗಳ ದಾಟಿ, ಅಡುಗೆಮನೆಯ ಬಾಗಿಲು ನೂಕಿಕೊಂಡು ಒಳಗೆ ಬರಬೇಕು. ಊಟ, ಜಗಳ, ಹೋಮ್‌ವರ್ಕು, ಅಳು, ನಗು ಎಲ್ಲ ಅಡುಗೆಮನೆಯಲ್ಲೇ. ಮುಂದಿನ ಕೋಣೆಯಿದೆಯಲ್ಲ, ಅದು ಮರ್ಯಾದೆಯ ಕೋಣೆ. ಗಾಜಿನ ಬೀರು, ಯಾರೂ ಕೂರದ ಸೋಫಾ, ಯಾರೂ ಕುಡಿಯದ ಕಪ್ಪುಗಳು. ನೊರೀನಳ ಅಪ್ಪನ ಹೆಣ ಮೂರು ದಿನ ಇದ್ದದ್ದು ಅಲ್ಲಿ, ಅವಳ ಮದುವೆಯ ಕೇಕು ಇಟ್ಟಿದ್ದು ಅಲ್ಲಿ, ಡಾಕ್ಟರು ಬಂದರೆ ಕೋಟು ಬಿಚ್ಚಿಡುವುದು ಅಲ್ಲಿ. ಅಮ್ಮ ಸಾಯುವ ತನಕ ವಾರಕ್ಕೊಮ್ಮೆ ಅದನ್ನು ಒರೆಸಿದಳು, ಅಮ್ಮನ ನಂತರ ನೊರೀನ್ ಒರೆಸುತ್ತಿದ್ದಾಳೆ. ಅಲ್ಲಿ ಕೂರುವ ಅಧಿಕಾರ ಮಾತ್ರ ಇಬ್ಬರಿಗೂ ಇರಲಿಲ್ಲ.

ಮನೆ ನೋಡಲು ಕೌನ್ಸಿಲ್ ಕಳಿಸಿದ ಸೋಶಿಯಲ್ ವರ್ಕರ್ ಹುಡುಗಿಯ ಹೆಸರು ಇಮೋಜೆನ್. ದಕ್ಷಿಣದ ಕಡೆಯವಳು, ಇಪ್ಪತ್ತಾರು ವರ್ಷ, ತಲೆಯ ಮೇಲೆ ಇಪ್ಪತ್ತೇಳು ಮಕ್ಕಳ ಫೈಲು. ಅವಳು ಬಂದು ಮುಂಬಾಗಿಲಿನ ಗಂಟೆ ಒತ್ತಿದಳು. ಪಾಪ, ಅವಳಿಗೇನು ಗೊತ್ತು!

ಅದಕ್ಕೆ ಎರಡು ದಿನ ಮೊದಲಿನಿಂದ ನೊರೀನ್ ಮನೆ ತಿಕ್ಕುತ್ತಿದ್ದಳು. ಸರ್ಕಾರದ ಮನುಷ್ಯರು ಬರುತ್ತಾರೆ ಅಂದರೆ ಸುಮ್ಮನೆಯೇ? ಲೇಸಿಯ ಬಣ್ಣದ ಡಬ್ಬಿ, ಕೆಸರಿನ ಬೂಟು, ಗೋಡೆಗೆ ಅಂಟಿಸಿದ ಚಿತ್ರಗಳು, ಅರ್ಧ ಕಟ್ಟಿದ ರಟ್ಟಿನ ಕೋಟೆ, ಎಲ್ಲ ಅಡುಗೆಮನೆಗೆ ಹೋದವು. ಮಲಗುವ ಕೋಣೆಯಲ್ಲಿದ್ದ ಗೊಂಬೆಗಳೂ ಒಂದು ದೊಡ್ಡ ಚೀಲದಲ್ಲಿ ಅಲ್ಲಿಗೇ ಹೋದವು. ಆಮೇಲೆ ಬಸವನಹುಳುಗಳು. ಲೇಸಿ ಹಿತ್ತಲಿನಲ್ಲಿ ಹಿಡಿದ ಬಸವನಹುಳುಗಳ ಚಿಪ್ಪಿಗೆ ಉಗುರುಬಣ್ಣ ಹಚ್ಚಿ ಊಟದ ಮೇಜಿನ ಮೇಲೆ ಓಟದ ಪಂದ್ಯ ನಡೆಸುತ್ತಿದ್ದಳು. ಅವು ಶೂ ಡಬ್ಬಿಯೊಳಗೆ ಸೇರಿ ಒಲೆಯ ಹಿಂದೆ ಹೋದವು.

"ಅಜ್ಜೀ, ಅವಕ್ಕೆ ಉಸ್ರು ಕಟ್ಟುತ್ತೆ!"

"ಒಂದ್ ಗಂಟೆ ಕಣೇ. ತೂತು ಮಾಡಿದೀನಿ. ನೀನು ಈ ಫ್ರಾಕ್ ಹಾಕ್ಕೊಂಡು ಸೋಫಾದ ತುದೀಲಿ ಕೂತ್ಕೋ. ಕಾಲು ಆಡಿಸ್ಬೇಡ. ಕೇಳಿದ್ರೆ ಮಾತ್ರ ಮಾತಾಡು. ಬಸವನಹುಳು ಅಂತ ಬಾಯ್ಬಿಟ್ಟೆ ನೋಡು!"

ಮಗು ಹಾಗೆಯೇ ಕೂತಿತು, ಕೈ ಮೊಣಕಾಲ ಮೇಲಿಟ್ಟು, ಬೀರುವಿನೊಳಗಿನ ಪಿಂಗಾಣಿ ಬೊಂಬೆಯ ಹಾಗೆ. ಇಮೋಜೆನ್ ಏನು ಕೇಳಿದರೂ "ಹೂಂ ಮಿಸ್", "ಇಲ್ಲ ಮಿಸ್". ಯಾರೂ ಕುಡಿಯದ ಕಪ್ಪಿನಲ್ಲಿ ಚಹಾ ಬಂತು. ನಡುವೆ ಇಮೋಜೆನ್, "ಅಡುಗೆಮನೆ ಒಂಚೂರು ನೋಡಬಹುದಾ?" ಎಂದಾಗ ನೊರೀನ್ ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇಬಿಟ್ಟಳು.

"ಅಲ್ಲೇನಿಲ್ಲ ಬಿಡಮ್ಮಾ. ನೋಡೋ ಹಾಗಿಲ್ಲ ಅದು. ಇನ್ನೊಂದ್ ಬಿಸ್ಕತ್ತು?"

ಇಮೋಜೆನ್ ಇನ್ನೂ ಎರಡು ಸಲ ಬಂದಳು. ಎರಡು ಸಲವೂ ಅದೇ ಕೋಣೆ, ಅದೇ ಫ್ರಾಕು, ಅದೇ "ಹೂಂ ಮಿಸ್". "ಹೇಗೆ ನಡೀತಿದೆ? ಏನಾದ್ರೂ ಸಹಾಯ ಬೇಕಾ?" ಎಂದು ಕೇಳಿದಾಗಲೆಲ್ಲ ನೊರೀನ್, "ಅಯ್ಯೋ ಏನಿಲ್ಲ, ದೂರೋ ಹಾಗೇನಿಲ್ಲ," ಎಂದಳು.

ಮೇ ತಿಂಗಳ ಒಂದು ಬೆಳಗ್ಗೆ ರಿಪೋರ್ಟು ಅಂಚೆಯಲ್ಲಿ ಬಂತು. ನೊರೀನ್ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಬಣ್ಣದ ಬ್ರಷ್ಷುಗಳನ್ನು ಪಕ್ಕಕ್ಕೆ ಸರಿಸಿ ಓದಿದಳು. "ಮನೆಯಲ್ಲಿ ಮಗು ವಾಸಿಸುತ್ತಿರುವ ಗುರುತೇ ಕಾಣಲಿಲ್ಲ. ಆಟಿಕೆಗಳಿಲ್ಲ. ಮಗು ಭಯಗೊಂಡಂತೆ, ಮಾತಿಲ್ಲದೆ ಕುಳಿತಿರುತ್ತದೆ. ಅಡುಗೆಮನೆ ನೋಡಲು ಅಜ್ಜಿ ಅನುಮತಿ ನೀಡಲಿಲ್ಲ." ಕೊನೆಯ ಪುಟದಲ್ಲಿ ತೀರ್ಮಾನವಿತ್ತು. ಶಾಲೆಯ ವರ್ಷ ಮುಗಿದ ಮೇಲೆ, ಜುಲೈ ಇಪ್ಪತ್ತೆಂಟಕ್ಕೆ, ಲೇಸಿಯನ್ನು ನಲವತ್ತು ಮೈಲಿ ಆಚೆಯ ಬೇರೊಂದು ಕುಟುಂಬಕ್ಕೆ ಕಳಿಸಲಾಗುವುದು.

ಹಸಿರು ಚಿಪ್ಪಿನ ಬಸವನಹುಳು ಒಂದು ಆ ಪುಟದ ಮೇಲೆ ಹತ್ತಿ, ಬೆಳ್ಳಿಗೆರೆ ಎಳೆಯುತ್ತಾ ದಾಟಿಹೋಯಿತು. ನೊರೀನ್ ಅದನ್ನು ತಡೆಯಲಿಲ್ಲ.

ಪೋಲೀನ್ ಹಿಂಬಾಗಿಲಿನಿಂದ ನುಗ್ಗಿದವಳೇ ಕಾಗದ ಕಿತ್ತುಕೊಂಡು ಓದಿ, ಕೆಂಪಗಾದಳು. "ಭಯಗೊಂಡಂತೆ? ಈ ಪಿಶಾಚಿ? ನಿನ್ನೆ ತಾನೇ ನನ್ ಬಟ್ಟೆ ಬುಟ್ಟೀಲಿ ಕಪ್ಪೆ ಬಿಟ್ಟಿದಾಳೆ ಕಣೇ! ದೂರು ಕೊಡು."

"ನಾನಾ?"

"ಇಲ್ಲ, ನಮ್ಮನೆ ಬೆಕ್ಕು. ನೀನೇ ಕಣೇ! ಕೌನ್ಸಿಲಲ್ಲಿ ಅದಕ್ಕೇ ಅಂತ ಒಂದು ಆಫೀಸಿದೆ. ಬರೆದು ಹಾಕು. ಹಾಕ್ಲಿಲ್ಲಾಂದ್ರೆ ಮಗು ಹೋಯ್ತು ಅಂದ್ಕೋ."

ನೊರೀನ್ ಮೂರು ದಿನ ಕೂತು ಕಾಗದ ಬರೆದಳು. ಯಾರಿಗೂ ತೋರಿಸದೆ ಅಂಚೆಡಬ್ಬಿಗೆ ಹಾಕಿ ಬಂದಳು. ಆಮೇಲೆ ದಿನಾ ಅಂಚೆಯವನ ದಾರಿ ನೋಡಿದಳು. ಮೂರು ವಾರವಾದ ಮೇಲೆ ದಪ್ಪ ಕಾಗದದಲ್ಲಿ ಉತ್ತರ ಬಂತು. ಆ ಹೊತ್ತಿಗೆ ಪೋಲೀನ್ ಅಲ್ಲೇ ಇದ್ದಳು, ಅವಳೇ ಗಟ್ಟಿಯಾಗಿ ಓದಿದಳು.

"ಪ್ರಿಯ ಶ್ರೀಮತಿ ಸ್ಕೇಫ್, ನಮ್ಮ ಸಿಬ್ಬಂದಿಯ ಬಗ್ಗೆ ತಾವು ಕಳಿಸಿದ ಮೆಚ್ಚುಗೆಯ ಪತ್ರಕ್ಕೆ ಹೃತ್ಪೂರ್ವಕ ವಂದನೆಗಳು. ಅದನ್ನು ಇಮೋಜೆನ್ ಅವರ ಮೇಲಧಿಕಾರಿಗೆ ತಲುಪಿಸಿ, ಸೂಚನಾ ಫಲಕದ ಮೇಲೆ ಹಾಕಿದ್ದೇವೆ."

ಪೋಲೀನ್ ಕಾಗದವನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದಳು.

"ನೊರೀನ್," ಎಂದಳು ಪೋಲೀನ್ ಮೆಲ್ಲಗೆ, "ಏನಂತ ಬರೆದಿದ್ದೆ?"

"ಮರ್ಯಾದೆಯಾಗೇ ಬರೆದೆ."

"ಏನ್ ಬರೆದೆ, ಹೇಳು."

"ನಿಮಗೆ ತೊಂದ್ರೆ ಕೊಡ್ತಿರೋದಕ್ಕೆ ಕ್ಷಮಿಸಿ ಅಂತ. ಇಮೋಜೆನ್ ಒಳ್ಳೇ ಹುಡುಗಿ, ಟೈಮಿಗೆ ಸರಿಯಾಗಿ ಬರ್ತಾಳೆ, ಬೂಟು ಒರೆಸ್ಕೊಂಡೇ ಒಳಗೆ ಬರ್ತಾಳೆ ಅಂತ. ಅಷ್ಟೊಂದ್ ಕೆಲಸ ಇದ್ರೂ ನಗ್ತಾಳೆ ಅಂತ. ಆಮೇಲೆ ಕೊನೇಲಿ... ಒಂದ್ಸಲ ರಿಪೋರ್ಟ್ ನೋಡೋಕೆ ಪುರುಸೊತ್ತಾದ್ರೆ ನೋಡಿ, ಆಗ್ದಿದ್ರೆ ಪರವಾಗಿಲ್ಲ ಅಂತ."

"ಪರವಾಗಿಲ್ಲ ಅಂತ!"

"ಬಾಯ್ತಪ್ಪಿ ಬಂತು ಕಣೇ. ಕೈತಪ್ಪಿ."

ಆ ಕೌನ್ಸಿಲಿನಲ್ಲಿ ದೂರು ಮತ್ತು ಮೆಚ್ಚುಗೆ ಎರಡಕ್ಕೂ ಒಂದೇ ಆಫೀಸು, ಮೇಜಿನ ಮೇಲೆ ಎರಡು ಟ್ರೇ. ಗುಮಾಸ್ತರು ಮೊದಲಿನ ನಾಲ್ಕು ಸಾಲು ಓದಿ ಅವಳ ಕಾಗದವನ್ನು ಮೆಚ್ಚುಗೆಯ ಟ್ರೇಗೆ ಹಾಕಿದ್ದರು. ನಗುವುದೋ ಅಳುವುದೋ! ಪೋಲೀನ್ ಮೇಜಿನ ಮೇಲೆ ತಲೆಯಿಟ್ಟು ನಕ್ಕೂ ನಕ್ಕೂ, ಕಣ್ಣೊರೆಸಿ ತಲೆ ಎತ್ತಿದರೆ ನೊರೀನಳ ಮುಖ ಬಿಳುಚಿಕೊಂಡಿತ್ತು. ಮೂರು ವಾರ ವ್ಯರ್ಥವಾಗಿತ್ತು. ಜುಲೈ ಇಪ್ಪತ್ತೆಂಟಕ್ಕೆ ಉಳಿದಿದ್ದು ಏಳು ವಾರ.

"ಪೆನ್ನು ತಗೋ," ಎಂದಳು ಪೋಲೀನ್. "ನಾನ್ ಹೇಳ್ತೀನಿ ಬರಿ. ಮೊದಲ್ನೇ ಸಾಲು: ನಾನು ದೂರು ಕೊಡ್ತಿದೀನಿ."

"ದಯವಿಟ್ಟು ಅಂತ..."

"ದಯವಿಟ್ಟು ಅಂದ್ರೆ ಕೆಟಲ್ ನೀರು ಹುಯ್ತೀನಿ."

ನೊರೀನ್ ಬರೆದಳು. ನನ್ನ ಮೊಮ್ಮಗಳನ್ನು ಯಾರೂ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿಲ್ಲ. ಅವಳಿಗೆ ಎಲ್ಲಿರಬೇಕು ಎಂದು ಯಾರೂ ಕೇಳಿಲ್ಲ. ರಿಪೋರ್ಟು ತಪ್ಪು. ಇಷ್ಟೇ, ಮೊದಲ ಸಾಲೂ ಸೇರಿ ನಾಲ್ಕು ಸಾಲು. ಕೊನೆಗೆ ತನ್ನ ಹೆಸರು. ಬರೆದಾದ ಮೇಲೆ ಆ ಕಾಗದ ಎಷ್ಟು ಒರಟಾಗಿ ಕಂಡಿತೆಂದರೆ, ಲಕೋಟೆಯ ಮೇಲೆ ಸ್ಟಾಂಪನ್ನು ಮಾತ್ರ ತುಂಬಾ ನೀಟಾಗಿ ಅಂಟಿಸಿದಳು.

ಹತ್ತು ದಿನಕ್ಕೆ ಇಲಾಖೆಯ ಮ್ಯಾನೇಜರನ ಉತ್ತರ ಬಂತು. ನಿಮಗೆ ಹಾಗನ್ನಿಸಿದ್ದಕ್ಕೆ ವಿಷಾದವಿದೆ, ನಮ್ಮದೇನೂ ತಪ್ಪಿಲ್ಲ. ಹಳೆಯ ನೊರೀನ್ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದಳು. ಆದರೆ ಆ ದಿನ ಶಾಲೆಯಿಂದ ಬರುವಾಗ ಲೇಸಿ ಏನೂ ಅಲ್ಲವೆಂಬಂತೆ ಕೇಳಿದಳು. "ಅಜ್ಜೀ, ಮೂರ್ನೇ ಕ್ಲಾಸಲ್ಲಿ ಸೆಪ್ಟೆಂಬರಿಂದ ಈಜು ಕಲಿಸ್ತಾರಂತೆ. ನಾನು ಅಷ್ಟೊತ್ತಿಗೆ ಇರ್ತೀನಾ?"

ನೊರೀನ್ ನಡೆಯುವುದನ್ನು ನಿಲ್ಲಿಸಿದಳು. ಈ ಮಗುವಿಗೆ ಯಾರೂ ಏನೂ ಹೇಳಿರಲಿಲ್ಲ.

"ಯಾರ್ ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ನೀನು ಈಚೆಗೆ ನಂಗೆ ಬೈಯೋದೇ ಇಲ್ವಲ್ಲ, ಅದಕ್ಕೇ."

ಮನೆಗೆ ಬಂದವಳೇ ಕೋಟು ಬಿಚ್ಚದೆ ದೂರಿನ ಆಫೀಸಿಗೆ ಫೋನು ಮಾಡಿದಳು. ಮ್ಯಾನೇಜರನ ಉತ್ತರ ನನಗೆ ಒಪ್ಪಿಗೆಯಿಲ್ಲ, ಇದರ ಮುಂದಿನ ಮೆಟ್ಟಿಲು ಯಾವುದು ಎಂದಳು. ಇಲಾಖೆಗೆ ಸೇರದ, ಹೊರಗಿನ ತನಿಖೆಯವರು ಬರುತ್ತಾರೆ ಎಂದಿತು ಆ ಕಡೆಯ ದನಿ. ಹಾಗಾದರೆ ಅವರು ನೋಡುವ ತನಕ ನನ್ನ ಮಗುವನ್ನು ಎಲ್ಲಿಗೂ ಕಳಿಸಕೂಡದು, ಹಾಗಂತ ಬರೆದುಕೊಡಿ ಎಂದಳು. ಅದಕ್ಕೆ ಕಾನೂನಿನಲ್ಲಿ ದಾರಿಯಿದೆಯೆಂದು ಅವಳಿಗೆ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದ್ದಳು. ದಾರಿ ಇತ್ತು! ಎರಡು ದಿನದಲ್ಲಿ ಪತ್ರ ಬಂತು. ತನಿಖೆ ಮುಗಿಯುವವರೆಗೆ ತೀರ್ಮಾನಕ್ಕೆ ತಡೆ.

ತನಿಖೆಗೆ ಬಂದವಳು ಗ್ವೆಂಡಾ ಪ್ರಾಕ್ಟರ್. ಹಿಂದೆ ಮೂವತ್ತು ವರ್ಷ ಬೇರೆ ಊರಿನಲ್ಲಿ ಇದೇ ಕೆಲಸ ಮಾಡಿ ನಿವೃತ್ತಳಾದವಳು. ನಾಲ್ಕು ಗಂಟೆಗೆ ಬರುತ್ತೇನೆ ಎಂದಿದ್ದಳು. ನೊರೀನ್ ಮತ್ತೆ ಹಳೆಯ ಚಾಳಿಯಂತೆ ಮುಂದಿನ ಕೋಣೆ ಒರೆಸಿ, ಕಪ್ಪುಗಳನ್ನು ಜೋಡಿಸಿ, ಇನ್ನೇನು ಲೇಸಿಗೆ ಫ್ರಾಕು ಹಾಕಬೇಕು, ಮೂರೂವರೆಗೇ ಹಿಂಬಾಗಿಲು ಕಿರ್ ಎಂದಿತು. ಪೋಲೀನ್ ಅಂದುಕೊಂಡು, "ಬಾರೇ, ಹಾಳಾದವಳೇ, ಸೋಫಾ ಕವರು ಎಳಿ ಬಾ," ಎಂದು ಕೂಗಿದಳು.

"ಎಳೆಯೋಣಂತೆ," ಎಂದು ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಹೆಂಗಸು ಹೇಳಿದಳು. "ನಾನು ಗ್ವೆಂಡಾ. ಬಸ್ಸು ಬೇಗ ಬಂತು."

ನೊರೀನಳ ಕೈಯಿಂದ ಬಟ್ಟೆ ಬಿತ್ತು. "ಅಯ್ಯೋ, ಮುಂದಿಂದ ಬನ್ನಿ, ದಯವಿಟ್ಟು! ಮುಂಬಾಗಿಲು ತೆಗೀತೀನಿ, ಇಲ್ಲಿ ಗಲೀಜು..."

"ಮುಂಬಾಗಿಲು ಇರೋದು ಪಾದ್ರಿಗೆ, ಇಲ್ಲಾ ಹೆಣಕ್ಕೆ. ನಾನು ಎರಡೂ ಅಲ್ಲ. ನಾನೂ ಇಂಥಾ ಬೀದೀಲೇ ಹುಟ್ಟಿದವಳು ಕಣಮ್ಮಾ. ಅಲ್ಲೇನದು ಮೇಜಿನ ಮೇಲೆ?"

ಮೇಜಿನ ಮೇಲೆ ಪಂದ್ಯ ನಡೆಯುತ್ತಿತ್ತು. ಲೇಸಿ ಒಳ ಅಂಗಿಯಲ್ಲಿ, ಮುಖದ ತುಂಬ ಜಾಮು, ಗಲ್ಲವನ್ನು ಮೇಜಿಗೆ ಊರಿ ಕೂತಿದ್ದಳು.

"ಶ್! ಕೊನೇ ಸುತ್ತು!" ಎಂದಳು ತಲೆಯೆತ್ತದೆ. "ಹಸಿರು ಬುಲೆಟ್ಟು. ಕೆಂಪು ರಾಜಕುಮಾರಿ. ಆ ನೇರಳೆ ಬಣ್ಣದ್ದು ಪೋಲೀನ್."

"ಅದಕ್ಕ್ಯಾಕೆ ಪೋಲೀನ್ ಅಂತ?"

"ಪಕ್ಕದ್ಮನೆ ಪೋಲೀನ್ ಥರಾನೇ ಅದು. ನಿಧಾನ, ಆದ್ರೆ ಎಲ್ಲರ ವಿಷ್ಯಕ್ಕೂ ಮೂತಿ ತೂರಿಸುತ್ತೆ."

ಗ್ವೆಂಡಾ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ನೇರಳೆಯ ಮೇಲೆ ಒಂದು ಬಿಸ್ಕತ್ತು ಪಣ ಕಟ್ಟಿದಳು. ಸೋತಳು. ಗೋಡೆಯ ತುಂಬ ಇದ್ದ ಚಿತ್ರಗಳನ್ನು, ಉಗ್ರಾಣದ ಬಾಗಿಲ ಮೇಲೆ ಪೆನ್ಸಿಲಿನಿಂದ ತಿಂಗಳು ತಿಂಗಳೂ ಗುರುತು ಹಾಕಿದ ಲೇಸಿಯ ಎತ್ತರವನ್ನು, ಫ್ರಿಜ್ಜಿಗೆ ಅಂಟಿಸಿದ "ಅಮ್ಮನಿಗೆ ಫೋನ್: ಭಾನುವಾರ" ಎಂಬ ಚೀಟಿಯನ್ನು ಒಂದೊಂದಾಗಿ ನೋಡಿದಳು. ಆಮೇಲೆ, "ಮಿಸೆಸ್ ಸ್ಕೇಫ್, ನೀವು ಒಂದರ್ಧ ಗಂಟೆ ಅಂಗಳದಲ್ಲಿ ಇರ್ತೀರಾ? ನಾನು ಲೇಸಿ ಹತ್ರ ಒಬ್ಬಳೇ ಮಾತಾಡಬೇಕು," ಎಂದಳು.

ಆ ಅರ್ಧ ಗಂಟೆ ನೊರೀನ್ ಅಂಗಳದಲ್ಲಿ ಒಣಗಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಒಣಹಾಕಿದಳು. ಒಳಗಿನಿಂದ ಒಮ್ಮೆ ಲೇಸಿಯ ನಗು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಲೇಸಿ ಏನು ಹೇಳಿದಳೆಂದು ಗ್ವೆಂಡಾ ಹೊರಗೆ ಬಂದ ಮೇಲೂ ಹೇಳಲಿಲ್ಲ, ನೊರೀನ್ ಕೇಳಲೂ ಇಲ್ಲ.

"ಒಂದ್ ಮಾತು," ಎಂದಳು ಗ್ವೆಂಡಾ ಮಾತ್ರ. "ಇಲಾಖೆ ತಪ್ಪು ಇದೆ, ಅದನ್ನ ನಾನು ಬರೀತೀನಿ. ಮೂರು ಸಲ ಬಂದು ಒಂದ್ಸಲಾನೂ ಮಗೂನ ಒಂಟಿಯಾಗಿ ಮಾತಾಡಿಸಿಲ್ಲ ಅಂದ್ರೆ ಅದು ಸಣ್ಣ ತಪ್ಪಲ್ಲ. ಆದ್ರೆ ಆ ಹುಡುಗಿ ಕಂಡಿದ್ದನ್ನೇ ಬರೆದಿದಾಳೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು ಯಾರು?"

"ಮನೆ ಚೆನ್ನಾಗ್ ಕಾಣ್ಲಿ ಅಂತ..."

"ಚೆನ್ನಾಗೇ ಕಂಡಿತು. ಮಗೂನೇ ಕಾಣಲಿಲ್ಲ."

ನೊರೀನಳ ಬಾಯಿಗೆ "ಸಾರಿ" ಬಂದೇ ಬಂತು. ಈ ಸಲ ಅದು ಸರಿಯಾದ ಜಾಗದಲ್ಲೇ ಬಂದಿತ್ತು, ಆದ್ದರಿಂದ ಹೇಳಿದಳು.

ಜುಲೈ ಇಪ್ಪತ್ತೆಂಟು ಬಂತು, ಹೋಯಿತು. ಲೇಸಿ ಆ ದಿನ ಸಮುದ್ರದಂಡೆಯಲ್ಲಿ ಐಸ್‌ಕ್ರೀಮ್ ತಿಂದು, ಅದನ್ನು ಕಡಲಹಕ್ಕಿಗೆ ಕಳಕೊಂಡು, ಊರಿಗೆಲ್ಲ ಕೇಳುವ ಹಾಗೆ ಅತ್ತಳು. ನೊರೀನ್ ಚೆನ್ನಾಗಿ ಬೈದಳು. ಆಗಸ್ಟ್ ಮೊದಲ ವಾರ ಗ್ವೆಂಡಾಳ ವರದಿ ಬಂತು: ದೂರು ಸರಿ. ಮಗುವಿನ ಮಾತು ಕೇಳಿಲ್ಲ. ಬೇರೆಯವರಿಂದ ಹೊಸದಾಗಿ ಪರಿಶೀಲನೆ ನಡೆಯಬೇಕು. ಕೌನ್ಸಿಲ್ ಒಪ್ಪಿತು. ಇಮೋಜೆನ್ ತಾನಾಗಿಯೇ ಒಂದು ಮಧ್ಯಾಹ್ನ ಕ್ಷಮೆ ಕೇಳಲು ಬಂದಳು. ಕಣ್ಣು ಕೆಂಪಾಗಿತ್ತು. ನೊರೀನ್ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಆಲೂಗೆಡ್ಡೆ ಪೈ ಬಡಿಸಿದಳು.

"ನಾನು ಅವಳನ್ನ ಕೇಳಬೇಕಿತ್ತು," ಎಂದಳು ಇಮೋಜೆನ್.

"ಪರವಾ..." ಎಂದು ಶುರುಮಾಡಿದ ನೊರೀನಳ ಕಾಲಿಗೆ ಮೇಜಿನ ಕೆಳಗಿಂದ ಪೋಲೀನ್ ಒದ್ದಳು. ನೊರೀನ್ ಉಸಿರೆಳೆದುಕೊಂಡಳು. "ಹೌದು ಕಣಮ್ಮಾ, ಕೇಳಬೇಕಿತ್ತು. ಪೈ ತಣ್ಣಗಾಗುತ್ತೆ, ತಿನ್ನು."

ಹೊಸ ಪರಿಶೀಲನೆಗೆ ಬಂದವನು ನಾಲ್ಕು ಸಲ ಬಂದ, ಲೇಸಿಯ ಜೊತೆ ಒಬ್ಬನೇ ಓಣಿಯಲ್ಲಿ ಚೆಂಡಾಡಿದ, ಆಸ್ಪತ್ರೆಗೆ ಹೋಗಿ ಡಾನ್‌ಳನ್ನೂ ಕೇಳಿದ. "ನಮ್ಮಮ್ಮನ ಹತ್ರಾನೇ ಇರ್ಲಿ," ಎಂದಳಂತೆ ಡಾನ್. ಆಗಸ್ಟ್ ಕೊನೆಯ ಗುರುವಾರ ಲೇಸಿಯ ವಿಷಯ ತೀರ್ಮಾನಿಸಲು ಕೌನ್ಸಿಲಿನ ಸಮಿತಿ ಸೇರಿತು. ಹನ್ನೊಂದೂಕಾಲಿಗೆ ಫೋನು ಬಂತು. ನೊರೀನ್ "ಹೂಂ" ಎಂದಳು, ಮತ್ತೆ "ಹೂಂ" ಎಂದಳು, ಫೋನಿಟ್ಟು, ಮೆಟ್ಟಿಲ ಮೇಲೆ ಕೂತಿದ್ದ ಲೇಸಿಯನ್ನು ನೋಡಿದಳು.

"ಬೂಟು ಹಾಕ್ಕೋ. ಅಂಗಡಿಗೆ ಹೋಗ್ಬೇಕು."

"ಯಾವ ಅಂಗಡಿ?"

"ಸ್ಕೂಲ್ ಬಟ್ಟೆ ಅಂಗಡಿ. ಮೂರ್ನೇ ಕ್ಲಾಸಿಗೆ ಹೋಗೋಳಿಗೆ ಬಟ್ಟೆ ಬೇಡ್ವಾ?"

ಲೇಸಿ ಮೆಟ್ಟಿಲಿನಿಂದ ಕೆಳಗೆ ಜಿಗಿದಳು. ಆಮೇಲೆ ಒಂದು ಬೂಟು ಹಾಕಿ, ಇನ್ನೊಂದು ಬೂಟು ಕೈಯಲ್ಲಿ ಹಿಡಿದು, ಕುಂಟುತ್ತಾ ಕುಣಿಯುತ್ತಾ ಓಣಿಯ ತನಕ ಓಡಿಬಿಟ್ಟಳು. "ಪೋಲೀನ್! ಪೋಲೀನ್! ನಾನು ಈಜ್ತೀನಿ!"

ಊರಿನ ಮಕ್ಕಳೆಲ್ಲ ಎರಡು ವಾರದ ಹಿಂದೆಯೇ ಬಂದು ಕೊಂಡುಹೋಗಿದ್ದರಿಂದ ಅಂಗಡಿಯ ಕಪಾಟುಗಳು ಅರ್ಧ ಖಾಲಿಯಾಗಿದ್ದವು. ಅಂಗಡಿಯವಳು ಲೇಸಿಯ ಭುಜಕ್ಕೆ ಟೇಪು ಹಿಡಿದು ನೋಡಿ, ನೀಲಿ ಸ್ವೆಟರು ಒಂದನ್ನು ಕೊಟ್ಟಳು. ಸರಿಯಾಗಿ ಹಿಡಿಯಿತು.

"ಇದೇ ಸರಿ. ಈ ವರ್ಷಕ್ಕೆ ಅಳತೆ ಮಾಡಿ ಹೊಲಿದ ಹಾಗಿದೆ," ಎಂದಳು ಅಂಗಡಿಯವಳು.

"ಇದು ಬೇಡ," ಎಂದಳು ನೊರೀನ್. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. "ಎರಡು ಸೈಜ್ ದೊಡ್ಡದು ಕೊಡಿ. ಈಜು ಬಟ್ಟೇನೂ ದೊಡ್ಡದೇ ಇರಲಿ."

ಲೇಸಿ ಆ ದೊಡ್ಡ ಸ್ವೆಟರು ತೊಟ್ಟು ಕನ್ನಡಿಯ ಮುಂದೆ ನಿಂತಳು. ತೋಳು ಬೆರಳುಗಳನ್ನು ದಾಟಿ ಜೋತಾಡುತ್ತಿತ್ತು. ಸ್ವೆಟರಿನ ಅಂಚು ಮೊಣಕಾಲು ಮುಟ್ಟುತ್ತಿತ್ತು.

"ಅಜ್ಜೀ, ಇದು ಕೋಟಿನ ಥರ ಇದೆ! ಎಲ್ರೂ ನಗ್ತಾರೆ."

"ನಗ್ಲಿ ಬಿಡು," ಎಂದು ನೊರೀನ್ ಬಗ್ಗಿ ಎಡ ತೋಳನ್ನು ಒಂದು ಮಡಿಕೆ ಮಡಚಿದಳು. "ಮುಂದಿನ ವರ್ಷ ಸರಿಯಾಗುತ್ತೆ. ಆ ಕೈ ಕೊಡಿಲ್ಲಿ."